ಅರ್ಥ ಹೇಳುವ ಮೊದಲು ಐದು ಸೆಕೆಂಡು ತಡೆಯಿರಿ

ನಮ್ಮ ಸರ್ಕಾರಿ ಶಾಲೆಗಳಲ್ಲಿ 2007ರಿಂದ ಒಂದನೇ ತರಗತಿಯಲ್ಲೇ ಇಂಗ್ಲಿಷ್ ಇದೆ. ಆದರೂ ನಾನು ಕೂತು ನೋಡಿದ ತರಗತಿಗಳಲ್ಲೆಲ್ಲ ಒಂದೇ ತಪ್ಪು. ಟೀಚರ್ ‘ಓಪನ್ ದ ಡೋರ್’ ಅನ್ನುತ್ತಾರೆ, ಬೆನ್ನಿಗೇ ‘ಬಾಗಿಲು ತೆಗಿ’ ಅಂತಲೂ ಹೇಳಿಬಿಡುತ್ತಾರೆ. ಹೇಗೂ ಕನ್ನಡ ಬರುತ್ತದಲ್ಲ ಅಂತ ಮಗು ಇಂಗ್ಲಿಷಿಗೆ ಕಿವಿಯನ್ನೇ ಕೊಡುವುದಿಲ್ಲ.

ಇಂಗ್ಲಿಷ್ ಮಾತನ್ನು ಕೇಳಿಯೇ ಅರ್ಥ ಮಾಡಿಕೊಳ್ಳಲು ಕಲಿಸುವ ಮೊದಲ ಹಂತ: ಮೈ ಕೈ ಆಡಿಸಿ ಮಾಡುವಂಥ ಐದಾರು ಆಜ್ಞೆ ಸಾಕು.

ಎರಡನೆಯದು: ಹೇಳುತ್ತಾ ನೀವೇ ಮಾಡಿ, ಮಕ್ಕಳೂ ಜೊತೆಗೆ ಮಾಡಲಿ. ಅಮೆರಿಕದ ಮನಶ್ಶಾಸ್ತ್ರಜ್ಞ ಜೇಮ್ಸ್ ಆಶರ್ 1960ರ ದಶಕದಲ್ಲಿ ಬೆಳೆಸಿದ ವಿಧಾನ ಇದು.

ಮೂರನೆಯದು, ಎಲ್ಲರೂ ಎಡವುವುದು ಇಲ್ಲೇ. ನೀವು ಮಾಡಿ ತೋರಿಸುವುದನ್ನು ನಿಲ್ಲಿಸಿ ಬರೀ ಹೇಳಿ. ಚೀಲ ಎತ್ತಿಕೊಳ್ಳಲು ಹೇಳುವಾಗ ‘ಪಿಕ್ ಇಟ್ ಅಪ್’ ಅಂತ ಬಿಡಿಬಿಡಿಸಿ ಹೇಳಬೇಡಿ. ಸಹಜ ಮಾತಿನಲ್ಲಿ ಅದು ‘ಪಿಕಿಟಪ್’. ಊರು ಊರು ಸೇರಿ ಊರೂರು ಆಗುವುದನ್ನು ಹುಟ್ಟಿನಿಂದ ಕೇಳಿದ ಮಕ್ಕಳಿಗೆ ಕೂಡಿಕೊಂಡ ಮಾತು ಹೊಸದೇನಲ್ಲ. ಹೇಳಿದ ಮೇಲೆ ಮನಸ್ಸಿನಲ್ಲೇ ಐದರವರೆಗೆ ಎಣಿಸಿ. ಆ ಮೌನ ನಿಮಗೆ ಕಷ್ಟ, ಮಗುವಿಗೆ ಅದು ಬೇಕೇ ಬೇಕು. ಕಣ್ಣು ಕೂಡ ಚೀಲದ ಕಡೆ ಹೋಗಬಾರದು, ಮಕ್ಕಳು ಅದನ್ನೇ ಹಿಡಿದುಬಿಡುತ್ತಾರೆ. ಯಾರೂ ಅಲುಗಾಡದಿದ್ದರೆ ಅದೇ ಮಾತನ್ನು ಅದೇ ವೇಗದಲ್ಲಿ ಇನ್ನೊಮ್ಮೆ ಹೇಳಿ. ಪದ ಬದಲಿಸಿದರೆ ಮಗುವಿಗೆ ಅದು ಬೇರೆಯೇ ಮಾತು. ಆಗಲೂ ಆಗದಿದ್ದರೆ ಒಮ್ಮೆ ಮಾಡಿ ತೋರಿಸಿ. ಕನ್ನಡ ಕಟ್ಟಕಡೆಗೆ. ಒಬ್ಬರನ್ನು ನೋಡಿ ಉಳಿದವರು ಮಾಡುತ್ತಾರೆ, ಹಾಗಾಗಿ ಕಣ್ಣು ಮುಚ್ಚಿಸಿಯೂ ಒಂದು ಸುತ್ತು ಆಡಿಸಿ.

ಮೊಬೈಲಿನಲ್ಲಿ ರೈಮ್ಸ್ ಹಾಕಿಟ್ಟರೆ ಆಯಿತು ಅನ್ನುವವರಿದ್ದಾರೆ. ಚಿತ್ರ ನೋಡಿ ಕುಣಿಯುವ ಮಗು ಏನನ್ನು ಕೇಳಿಸಿಕೊಂಡಿತು ಅಂತ ಹೇಗೆ ತಿಳಿಯುತ್ತದೆ? ಗುಂಡಿ ಒತ್ತಿದರೆ ಮಾತಾಡುವ ಅಗ್ಗದ ಪುಸ್ತಕಗಳಂತೂ ಬೇಡವೇ ಬೇಡ. ನಾನು ಕೊಂಡದ್ದರಲ್ಲಿ ‘ಪ್ಯಾನ್’, ‘ಫ್ಯಾನ್’ ಎರಡೂ ಒಂದೇ ಥರ ಕೇಳುತ್ತಿತ್ತು. ನಮ್ಮಲ್ಲಿ ಅನೇಕ ಮಕ್ಕಳು ತಪ್ಪುವುದೂ ಆ ಜೋಡಿಯಲ್ಲೇ.

ಅದಕ್ಕೇ ನಾಲ್ಕನೆಯ ಹಂತ: ಬಾಣಲೆಯ ಚಿತ್ರ ಒಂದು ಗೋಡೆಗೆ, ಫ್ಯಾನಿನ ಚಿತ್ರ ಎದುರು ಗೋಡೆಗೆ. ಬಾಯಿಗೆ ಪುಸ್ತಕ ಅಡ್ಡ ಹಿಡಿದು ಹೇಳಿ, ಮಕ್ಕಳು ಸರಿಯಾದ ಗೋಡೆಗೆ ಓಡಲಿ. ದಿನಕ್ಕೆ ಹತ್ತು ನಿಮಿಷ ಸಾಕು.

‘ನೀನೂ ಹೇಳು’ ಅಂತ ಒತ್ತಾಯಿಸಬೇಡಿ. ಯಾವುದೋ ಮಗು ತಾನಾಗಿಯೇ ಪಕ್ಕದವನಿಗೆ ‘ಸಿಟ್ ಡೌನ್’ ಅಂದ ದಿನ ಅದನ್ನು ಮುಂದೆ ಕರೆದು ನಿಲ್ಲಿಸಿ, ಆಜ್ಞೆ ಕೊಡುವ ಕೆಲಸ ಒಪ್ಪಿಸಿ, ನೀವು ಮಕ್ಕಳ ಸಾಲಿನಲ್ಲಿ ಹೋಗಿ ಕೂತುಕೊಳ್ಳಿ.