ಗೋಡೆಯ ಓವನ್ ಬದಲಿಸುವ ಮುನ್ನ ಗೂಡನ್ನು ಅಳೆಯಿರಿ
ಗೋಡೆಯಲ್ಲಿ ಕೂರಿಸಿದ ಹಳೆಯ ಓವನ್ ಬದಲಿಸಬೇಕೆಂದಿರುವವರು ಶಿವಮೊಗ್ಗದ ಅಂಗಡಿಗಳಿಗೆ ಹೊರಡುವ ಮೊದಲು ಗೂಡಿನ ಅಗಲ, ಎತ್ತರ, ಆಳ ಮೂರನ್ನೂ ಅಳೆದು ಬರೆದುಕೊಳ್ಳಬೇಕು. 60 ಸೆಂ.ಮೀ. ಎಂದು ಮಾರುವ ಓವನ್ನಿನ ಮುಂಭಾಗವಷ್ಟೇ ಆ ಅಳತೆಯದು. ಒಳಹೋಗುವ ಪೆಟ್ಟಿಗೆಗೆ ಸಾಮಾನ್ಯವಾಗಿ 56 ಸೆಂ.ಮೀ. ಅಗಲದ ಗೂಡು ಬೇಕಾಗುತ್ತದೆ. ಬಡಗಿಯ ಅಂದಾಜನ್ನು ನೆಚ್ಚಿಕೊಳ್ಳಬೇಡಿ.

ಹಳೆಯ ಓವನ್ ಹೊರತೆಗೆದಾಗ ಹಿಂದಿನ ಪ್ಲೈವುಡ್ಡನ್ನು ಬೆರಳಿನಿಂದ ಒತ್ತಿ ನೋಡಿ. ನಮ್ಮ ಮಳೆಗಾಲದ ತೇವಕ್ಕೆ ಅದು ಉಬ್ಬಿ ಬೂಷ್ಟು ಹಿಡಿದಿರುವುದೂ, ಗೆದ್ದಲು ಸದ್ದಿಲ್ಲದೆ ಅರ್ಧ ತಿಂದು ಮುಗಿಸಿರುವುದೂ ಅಪರೂಪವಲ್ಲ. ತಯಾರಕರು ಸೂಚಿಸಿದಷ್ಟು ಗಾಳಿಯಾಡುವ ಜಾಗವನ್ನು ಹಿಂಬದಿಯಲ್ಲಿ ಬಿಡಲೇಬೇಕು.

230 ವೋಲ್ಟ್‌ನಲ್ಲಿ 16 ಆಂಪಿಯರ್ ಸಾಕೆಟ್ಟಿನ ಮಿತಿ ಸುಮಾರು 3,680 ವ್ಯಾಟ್. ಓವನ್ 3,000 ವ್ಯಾಟ್ ದಾಟಿದ್ದರೆ ಅದಕ್ಕೇ ಪ್ರತ್ಯೇಕ ಲೈನು ಮತ್ತು ಎಂಸಿಬಿ (ಲೋಡು ಮಿತಿಮೀರಿದರೆ ತಾನಾಗಿಯೇ ಕರೆಂಟು ಕಡಿಯುವ ಸ್ವಿಚ್ಚು) ಹಾಕಿಸಿ, ಬೇಸಿಗೆಯಲ್ಲಿ ಮಣ್ಣು ಒಣಗುವುದರಿಂದ ಅರ್ಥಿಂಗನ್ನೂ ಪರೀಕ್ಷೆ ಮಾಡಿಸುವುದು ಕ್ಷೇಮ.

ಟಚ್ ಫಲಕ ನೋಡಲು ಚಂದ, ಆದರೆ ತಿರುಗಿಸುವ ಗುಂಡಿಗಳಿರುವುದೇ ಮಲೆನಾಡಿಗೆ ವಾಸಿ ಎಂಬುದು ನನ್ನ ಅಭಿಪ್ರಾಯ. ಡಿಜಿಟಲ್ ಗಡಿಯಾರವಿರುವ ಎಷ್ಟೋ ಓವನ್‌ಗಳು ಕರೆಂಟು ಹೋಗಿ ಬಂದ ಮೇಲೆ ಸಮಯ ಹೊಂದಿಸುವವರೆಗೆ ಬಿಸಿಯೇ ಆಗುವುದಿಲ್ಲ. ಆಷಾಢದಲ್ಲಿ ದಿನಕ್ಕೆ ಎಷ್ಟು ಸಲ ಹೊಂದಿಸುತ್ತೀರಿ? ತೀರ್ಥಹಳ್ಳಿ, ಹೊಸನಗರದ ಕಡೆಯವರು ರಿಪೇರಿಯವರು ಮನೆತನಕ ಬರುತ್ತಾರೆಯೇ, ಬಾಗಿಲಿನ ರಬ್ಬರ್ ಪಟ್ಟಿ ಬಿಡಿಯಾಗಿ ಸಿಗುತ್ತದೆಯೇ ಎಂಬುದನ್ನು ಹಣ ಕೊಡುವ ಮೊದಲೇ ಕೇಳಿಕೊಳ್ಳಿ.