ಬೆಳ್ಳಿ ಬಿಟ್ಟು ತಾಮ್ರದಲ್ಲೇ 160 ಆಂಪಿಯರ್ ಫ್ಯೂಸ್: ಭೋಸರಿಯಲ್ಲಿ ನನ್ನ ಅನುಭವ

ತಾಮ್ರದ ಎಲಿಮೆಂಟ್ (ಫ್ಯೂಸಿನೊಳಗೆ ಕರಗುವ ಪಟ್ಟಿ) ಹಾಕಿ, ಅದರ ಸುತ್ತ ತುಂಬುವ ಮರಳನ್ನು ಸೋಡಿಯಂ ಸಿಲಿಕೇಟಿನಿಂದ ಗಟ್ಟಿ ಮಾಡಿ, 160 ಆಂಪಿಯರಿನ ಎಚ್‌ಆರ್‌ಸಿ ಲಿಂಕ್ (ಭಾರೀ ಶಾರ್ಟ್ ಸರ್ಕ್ಯೂಟನ್ನೂ ಕತ್ತರಿಸುವ ಫ್ಯೂಸ್) ಮಾಡ್ತೀನಿ ಅಂದಾಗ ಪುಣೆ ಹತ್ತಿರದ ಕೈಗಾರಿಕಾ ಪ್ರದೇಶ ಭೋಸರಿಯಲ್ಲಿ ನಕ್ಕವರೇ ಜಾಸ್ತಿ. ನಗೋದಕ್ಕೆ ಕಾರಣವೂ ಇತ್ತು. ಸಿಲಿಕೇಟಿನಲ್ಲಿ ಅರ್ಧಕ್ಕಿಂತ ಹೆಚ್ಚು ನೀರೇ. ಆ ನೀರು ಒಳಗೆ ಉಳಿದರೆ ಶಾರ್ಟ್ ಸರ್ಕ್ಯೂಟಿನಲ್ಲಿ ಆವಿಯಾಗಿ ಫ್ಯೂಸಿನ ಪಿಂಗಾಣಿ ಬಾಡಿ ಸಿಡಿಯುತ್ತದೆ. ತಾಮ್ರ ಬೇರೆ ಬಿಸಿಗೆ ಆಕ್ಸೈಡ್ ಆಗಿ ಸವೆಯುತ್ತದೆ, ನಾಲ್ಕು ವರ್ಷ ಕಳೆದ ಮೇಲೆ ಸುಮ್ನೆ ಸುಮ್ನೆ ಹಾರುತ್ತದೆ. ಇವೆರಡೂ ನನಗೆ ಗೊತ್ತಿರಲಿಲ್ಲ ಅಂತಲ್ಲ. ಈಗ ಆ ಲಿಂಕ್ ಪುಣೆ ಸುತ್ತಲಿನ ರಸ್ತೆ ಬದಿಯಲ್ಲಿ ಕರೆಂಟ್ ಹಂಚುವ ಪೆಟ್ಟಿಗೆಗಳಲ್ಲಿ, ಅಂದ್ರೆ ಫೀಡರ್ ಪಿಲ್ಲರ್‌ಗಳಲ್ಲಿ ಕೂತು ಎರಡು ಮಳೆಗಾಲ ದಾಟಿದೆ, 80 ಕಿಲೋಆಂಪಿಯರ್ ಪರೀಕ್ಷೆಯೂ ಪಾಸಾಗಿದೆ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ದುಡ್ಡಿನ ಲೆಕ್ಕ ಹೇಳಿಬಿಡುತ್ತೇನೆ. 160ರ ಲಿಂಕಿಗೆ ಪೂರ್ತಿ ಬೆಳ್ಳಿ ಹಾಕಿದರೆ ಎರಡು ಮೂರು ಗ್ರಾಂ ಬೇಕು. ನಾನು ಶುರು ಮಾಡಿದ 2022ರಲ್ಲಿ ಬೆಳ್ಳಿ ಕಿಲೋಗೆ 60 ಸಾವಿರದ ಆಸುಪಾಸು ಇತ್ತು. 2025ರಲ್ಲಿ ಲಕ್ಷ ದಾಟಿ ಓಡಿತು. ಲಕ್ಷದ ರೇಟಿಗೇ ಒಂದು ಲಿಂಕಿನ ಬೆಳ್ಳಿ 200ರಿಂದ 300 ರೂಪಾಯಿ. ಪುಣೆಯ ಎಲೆಕ್ಟ್ರಿಕಲ್ ಮಾರುಕಟ್ಟೆ ತಾಪಕೀರ್ ಗಲ್ಲಿಯಲ್ಲಿ ಹೋಲ್‌ಸೇಲಿನವರು ಇಡೀ ಫ್ಯೂಸಿಗೇ ಅಷ್ಟು ಕೊಡೋದು ಕಷ್ಟ. ತಾಮ್ರಕ್ಕೆ ಮೂರು ರೂಪಾಯಿ ಸಾಕು. ಬೆಳ್ಳಿ ಲೇಪದ ತಾಮ್ರ ಅನ್ನೋ ಮಧ್ಯದ ದಾರಿ ದೊಡ್ಡವರದ್ದು. ನಾನೂ ಬೆಳ್ಳಿ ಕೆಲಸದ ಊರು ಹುಪರಿಯಲ್ಲಿ ಪರಿಚಯದವರ ಕಡೆಯಿಂದ ಸ್ವಲ್ಪ ಪಟ್ಟಿಗೆ ಲೇಪ ಮಾಡಿಸಿ ನೋಡಿದೆ. ಗೆಜ್ಜೆ ಮಾಡುವವರ ಕೈ ಚೆನ್ನಾಗಿತ್ತು. ಆದರೆ ಲೇಪದ ದಪ್ಪ ಒಂದು ಬ್ಯಾಚ್‌ನಿಂದ ಇನ್ನೊಂದಕ್ಕೆ ಬದಲಾಗುತ್ತಿತ್ತು. ಬಿಟ್ಟೆ.

ಸಿಲಿಕೇಟ್ ಯೋಚನೆ ಬಂದದ್ದು ಬೆಳಗಾವಿಯ ಫೌಂಡ್ರಿಗಳಿಂದ. ನಮ್ಮ ಊರು ಆ ಕಡೆಯದೇ. ಅಲ್ಲಿ ಅಚ್ಚಿನೊಳಗೆ ಇಡುವ ಮರಳಿನ ಕೋರ್‌ಗೆ ಸಿಲಿಕೇಟ್ ಬೆರೆಸಿ ಕಾರ್ಬನ್ ಡೈಆಕ್ಸೈಡ್ ಹಾಯಿಸಿದರೆ ನಿಮಿಷದೊಳಗೆ ಕಲ್ಲಾಗುತ್ತದೆ. ಸೆಮಿಕಂಡಕ್ಟರ್ ಫ್ಯೂಸ್ ಮಾಡುವವರೂ ಮರಳನ್ನು ಹೀಗೇ ಗಟ್ಟಿ ಮಾಡುತ್ತಾರೆ, ಅದು ಹೊಸದೇನಲ್ಲ. ಫೀಡರ್ ಪಿಲ್ಲರಿನ ಅಗ್ಗದ ಜಿಜಿ (ಸಾಮಾನ್ಯ ಬಳಕೆಯ) ಲಿಂಕಿಗೆ ಯಾರಾದರೂ ಇಷ್ಟು ಕಷ್ಟ ಪಡ್ತಾರಾ ಅನ್ನೋದೇ ಪ್ರಶ್ನೆ. ನನ್ನ ಲೆಕ್ಕ ಇಷ್ಟೇ: ಗಟ್ಟಿ ಮರಳು ಬಿಸಿಯನ್ನು ಬೇಗ ಹೊರಗೆ ಎಳೆಯುತ್ತದೆ. ನಾಚ್, ಅಂದ್ರೆ ಪಟ್ಟಿಯಲ್ಲಿ ಮೊದಲು ಕರಗಲಿ ಅಂತ ಕಿರಿದು ಮಾಡಿದ ಜಾಗ, ತಣ್ಣಗಿದ್ದರೆ ತಾಮ್ರ ಸವೆಯುವುದು ನಿಧಾನ. ಬಿಸಿ ಅಳೆಯುವ ಥರ್ಮೋಕಪಲ್ ಹೂತು ನೋಡಿದಾಗ ಅದೇ 160 ಆಂಪಿಯರಿಗೆ ಸಡಿಲ ಮರಳಿಗಿಂತ 25-30 ಡಿಗ್ರಿ ಕಡಿಮೆ ಬಂತು. ಅಲ್ಲಿಂದ ಹಿಂದೆ ನೋಡಲಿಲ್ಲ.

ಮರಳು ಕಾಸರ್ಡೆಯದು, ಸಿಂಧುದುರ್ಗದ ಕಡೆಯಿಂದ ಬರುತ್ತದೆ. ಮ್ಯಾಗ್ನೆಟ್ ಹಾಯಿಸಿ, ಆಸಿಡ್‌ನಲ್ಲಿ ತೊಳೆದು, ಜರಡಿ ಹಿಡಿಯೋದು ನಿಮಗೆಲ್ಲ ಗೊತ್ತಿದ್ದದ್ದೇ.

ಮೊದಲು ಫೌಂಡ್ರಿಯವರ ಹಾಗೇ ಗ್ಯಾಸ್ ಹಾಯಿಸಿದೆವು. ಚೆನ್ನಾಗಿ ಗಟ್ಟಿಯಾಯಿತು, ನೋಡೋಕೂ ಚೆಂದ. ಆದರೆ ಗ್ಯಾಸ್ ಹಾಯಿಸಿದರೆ ನೀರು ಎಲ್ಲೂ ಹೋಗಲ್ಲ, ಒಳಗೇ ಇರುತ್ತದೆ. ಜೊತೆಗೆ ಸೋಡಾ ಉಳಿಯುತ್ತದೆ, ಅದು ಗಾಳಿಯ ತೇವ ಎಳೆದುಕೊಳ್ಳುತ್ತದೆ. ಜುಲೈನಲ್ಲಿ ಮಾಡಿದ ಒಂದು ಲಾಟ್ ರ‍್ಯಾಕ್‌ನಲ್ಲಿ ಕೂತೇ ತೂಕ ಏರಿಸಿಕೊಂಡಿತು. ಲ್ಯಾಬಿನಲ್ಲಿ ಆ ಲಾಟಿನ ಬಾಡಿ ಎರಡು ಹೋಳಾಗಿ, ಎಂಡ್ ಪ್ಲೇಟು ಸ್ಕ್ರೂ ಸಮೇತ ಹಾರಿತು. ಸಿಡಿಯದೆ ಉಳಿದವೂ ಬೇರೆ ರೀತಿಯಲ್ಲಿ ಸತ್ತವು. ಆರ್ಕ್ (ಎಲಿಮೆಂಟ್ ಕರಗಿದ ಜಾಗದಲ್ಲಿ ಹೊತ್ತುವ ಕಿಡಿ) ಆದ ಮೇಲೆ ಇನ್ಸುಲೇಶನ್ ಅಳೆಯುವ ಮೆಗ್ಗರ್ ಹಾಕಿದರೆ ಕನಿಷ್ಠ ಒಂದು ಲಕ್ಷ ಓಮ್ ಬರಬೇಕು. ಬಿಸಿ ಸೋಡಾ ಗಾಜು ಕರೆಂಟ್ ಬಿಡುತ್ತದಲ್ವಾ, ಹತ್ತಿಪ್ಪತ್ತು ಸಾವಿರದಲ್ಲೇ ನಿಂತಿತು. ಆ ಒಂದು ದಿನದ ಲ್ಯಾಬ್ ಫೀ, ಲಾರಿ ಬಾಡಿಗೆ, ಲಾಡ್ಜ್ ಎಲ್ಲ ಸೇರಿ ಎರಡು ಲಕ್ಷದ ಹತ್ತಿರ. ನಮ್ಮ ಕಡೆಯವರು ಹೆಚ್ಚಾಗಿ ಹೋಗೋದು ಈ ಪರೀಕ್ಷಾ ಲ್ಯಾಬ್‌ಗಳಿಗೆ: ಬೆಂಗಳೂರು ಅಥವಾ ಭೋಪಾಲಿನ ಸಿಪಿಆರ್‌ಐ, ಇಲ್ಲ ಅಂದ್ರೆ ವಡೋದರದ ಎರ್ಡಾ. ಸ್ಲಾಟ್ ಸಿಗೋಕೆ ತಿಂಗಳುಗಟ್ಟಲೆ ಕಾಯಬೇಕು. ಕಾಯುವಾಗ ಬ್ಯಾಂಕ್ ಬಡ್ಡಿ ಕಾಯಲ್ಲ.

ಗ್ಯಾಸ್ ಬಿಟ್ಟು ಓವನ್‌ಗೆ ಬಂದೆ. ಸೋಡಾ ಕಡಿಮೆ, ಸಿಲಿಕಾ ಜಾಸ್ತಿ ಇರುವ ಗ್ರೇಡ್ ತರಿಸಿದೆ. ಮರಳು ತುಂಬುವ ತೂತುಗಳನ್ನು ಮುಚ್ಚದೆ ಓವನ್‌ಗೆ ಇಡಬೇಕು. ಇಡುವ ಮೊದಲು ಪ್ರತಿ ಲಿಂಕಿನ ತೂಕ, ತೆಗೆದ ಮೇಲೆ ತೂಕ. ಎರಡು ಸಲ ತೂಗಿದರೂ ಅದೇ ಬಂದರೆ ಮಾತ್ರ ಸೀಲ್. ಬೇಗ ಬಿಸಿ ಏರಿಸಿದರೆ ಸಿಲಿಕೇಟ್ ಹಪ್ಪಳದ ಹಾಗೆ ಉಬ್ಬಿ ಒಳಗೆ ಗುಳ್ಳೆಗಳಾಗುತ್ತವೆ, ಆರ್ಕ್‌ಗೆ ಅದೇ ಜಾಗ ಬೇಕು. ಎಷ್ಟು ಗಂಟೆಗೆ ಎಷ್ಟು ಡಿಗ್ರಿ ಅನ್ನೋದನ್ನು ಇಲ್ಲಿ ಬರೆಯಲ್ಲ. ಅದಕ್ಕೆ ನಾನು ಕೊಟ್ಟ ಬೆಲೆ ಜಾಸ್ತಿ. ಎಲಿಮೆಂಟಿನ ಮೇಲೆ ಓವರ್‌ಲೋಡಿಗಾಗಿ ಒಂದು ಟಿನ್ (ತವರ) ಚುಕ್ಕೆ ಇರುತ್ತದೆ, ಅದು 232 ಡಿಗ್ರಿಗೆ ಕರಗುತ್ತದೆ ಅನ್ನೋದು ನೆನಪಿದ್ದರೆ ಮೇಲಿನ ಮಿತಿ ನಿಮಗೇ ಸಿಗುತ್ತದೆ.

ಬಾಡಿ ಸಿಡಿಯೋದು ನಿಂತಿತು ಅಂತ ಖುಷಿ ಪಡುವಷ್ಟರಲ್ಲಿ ಓವರ್‌ಲೋಡ್ ಕೈ ಕೊಟ್ಟಿತು. 160ರ ಲಿಂಕ್ 200 ಆಂಪಿಯರಿಗೆ ಎರಡು ಗಂಟೆ ತಡೆಯಬೇಕು, 256ಕ್ಕೆ ಎರಡು ಗಂಟೆಯೊಳಗೆ ಹೋಗಬೇಕು. ನನ್ನದು 256ರಲ್ಲಿ ಎರಡು ಗಂಟೆ ಆದರೂ ಆರಾಮಾಗಿ ಕೂತಿತ್ತು. ಗಟ್ಟಿ ಮರಳು ಬಿಸಿ ಎಳೆಯುತ್ತದೆ ಅಂತ ನಾನು ಹೆಮ್ಮೆ ಪಟ್ಟದ್ದೇ ಇಲ್ಲಿ ಅಡ್ಡ ಬಂತು. ಮೇಲಾಗಿ ಎಮ್ ಸ್ಪಾಟ್, ಅಂದ್ರೆ ಆ ಟಿನ್ ಚುಕ್ಕೆ, ಕೆಲಸ ಮಾಡಬೇಕಾದರೆ ಕರಗಿದ ಟಿನ್ ತಾಮ್ರದೊಳಗೆ ಹರಡಬೇಕು. ಸುತ್ತ ಕಲ್ಲಾದ ಮರಳು ಬಿಗಿಯಾಗಿ ಹಿಡಿದುಕೊಂಡರೆ ಟಿನ್ ಎಲ್ಲಿಗೆ ಹೋಗಬೇಕು? ಸಿಲಿಕೇಟ್ ಕ್ಷಾರ ಬೇರೆ, ಟಿನ್ ಮೇಲ್ಮೈಯನ್ನು ತಿನ್ನುತ್ತದೆ.

ಎರಡು ಬದಲಾವಣೆ ಮಾಡಿದೆ. ಟಿನ್ ಚುಕ್ಕೆಯನ್ನು ನಡು ನಾಚ್‌ಗೆ ಇನ್ನೂ ಹತ್ತಿರ ತಂದೆ. ಚುಕ್ಕೆಗೆ ಸಿಲಿಕೇಟ್ ತಾಗದ ಹಾಗೆ ಮೇಲೆ ಒಂದು ಲೇಪ ಕೊಟ್ಟೆ. ಏನು ಲೇಪ ಅಂತ ತುಂಬಾ ಜನ ಫೋನ್ ಮಾಡಿ ಕೇಳಿದ್ದಾರೆ. ಭೋಸರಿಯಲ್ಲೇ ಸಿಗುತ್ತದೆ, ದುಬಾರಿಯಲ್ಲ, ಅಷ್ಟು ಸಾಕು. ಈಗ 256ಕ್ಕೆ ಒಂದು ಗಂಟೆ ಚಿಲ್ಲರೆಯಲ್ಲಿ ಹೋಗುತ್ತದೆ.

ಇದರ ನಡುವೆ ಸುಮ್ನೆ ಒಂದಷ್ಟು ಆಟವೂ ಆಡಿದೆ. ಸಿಲಿಕೇಟ್ ಬದಲು ಪ್ಲಾಸ್ಟರ್ ಆಫ್ ಪ್ಯಾರಿಸ್ ಬೆರೆಸಿದರೆ? ಗಣೇಶನ ಹಬ್ಬದ ಸೀಸನ್ನಿನಲ್ಲಿ ಪುಣೆಯಲ್ಲಿ ಅದಕ್ಕೇನು ಬರ. ಆದರೆ ಜಿಪ್ಸಮ್ ತನ್ನೊಳಗೇ ನೀರು ಕಟ್ಟಿಕೊಂಡಿರುತ್ತದೆ, ಆರ್ಕ್ ಬಿಸಿಗೆ ಬಿಟ್ಟುಕೊಡುತ್ತದೆ. ಅದೂ ಹಾರಿತು. ಅಲ್ಯೂಮಿನಿಯಂ ಎಲಿಮೆಂಟೂ ಮಾಡಿ ನೋಡಿದೆ. 660 ಡಿಗ್ರಿಗೇ ಕರಗುವುದರಿಂದ ಓವರ್‌ಲೋಡಿನಲ್ಲಿ ಸೊಗಸಾಗಿತ್ತು. ಎಂಡ್ ಕ್ಯಾಪಿಗೆ ಬೆಸುಗೆ ಮಾತ್ರ ಕೂರಲಿಲ್ಲ. ಮಡಗಾಂವಿನ ಕಂಟ್ರಾಕ್ಟರ್ ಗೆಳೆಯರೊಬ್ಬರು ಸಮುದ್ರದ ಹತ್ತಿರದ ಒಂದು ಪಿಲ್ಲರಿನಲ್ಲಿ ನನ್ನ ಕೆಲವು ತಾಮ್ರದ ಲಿಂಕ್ ಇಟ್ಟಿದ್ದರು. ಒಂದು ಮಳೆಗಾಲದ ನಂತರ ಹೊರಗಿನ ಟಿನ್ ಲೇಪದ ಬ್ಲೇಡ್ ಸ್ವಲ್ಪ ಮಾಸಿತ್ತು ಅಷ್ಟೇ, ಒಳಗೆ ಏನೂ ಆಗಿರಲಿಲ್ಲ.

ಪಟ್ಟಿಗೆ ನಾಚ್ ಕತ್ತರಿಸುವ ಡೈ ಬಗ್ಗೆ ಒಂದು ಮಾತು. 0.2 ಮಿಲಿಮೀಟರ್ ಪಟ್ಟಿ, ಐದು ಸಾಲು ನಾಚ್. ನಾಲ್ಕು ಸಾಕು, ವ್ಯಾಟ್ ಲಾಸ್ ಉಳಿಯುತ್ತದೆ ಅಂದವರಿದ್ದಾರೆ. ನನಗೆ ಆರ್ಕ್ ಕಡೆ ಧೈರ್ಯ ಬೇಕಿತ್ತು. ನನ್ನ ಲಿಂಕ್ 00 ಸೈಜಿನದು, ಬಿಸಿಯಾಗಿ ಪೋಲಾಗುವ ಕರೆಂಟಿಗೆ ಅದರಲ್ಲಿ 12 ವ್ಯಾಟ್ ಮಿತಿ. ತಣ್ಣಗಿದ್ದಾಗ 0.35 ಮಿಲಿಓಮ್ ಸುತ್ತ ಬಂದರೆ ಬಿಸಿಯಾದ ಮೇಲೂ ಮಿತಿಯೊಳಗೆ ಇರುತ್ತದೆ. ಪಂಚ್ ಮೊಂಡಾಗಿ ಅಂಚಿನಲ್ಲಿ ಬರ್ (ಚೂಪು ಉಳಿಕೆ) ಬಂದರೆ ಮೊದಲು ಗೊತ್ತಾಗೋದು ಈ ಮಿಲಿಓಮ್‌ನಲ್ಲೇ. ನಮ್ಮಲ್ಲಿರೋದು ಇಂಡಿ, ಜತ್ತ ಕಡೆಯ ಹುಡುಗರು. ಅವರು ಪ್ರತಿ ಎಲಿಮೆಂಟನ್ನೂ ಮಿಲಿಓಮ್ ಮೀಟರಿಗೆ ಹಾಕಿಯೇ ಮುಂದೆ ಬಿಡೋದು. ನೂರಕ್ಕೆ ಮೂರರ ಆಚೆ ಈಚೆ ಹೋದರೆ ಸ್ಕ್ರ್ಯಾಪ್ ಡಬ್ಬಿಗೆ.

ಲಿಂಕ್ ಕಾಲ ಕಳೆದಂತೆ ಹೇಗೆ ಸವೆಯುತ್ತದೆ ಅಂತ ನೋಡುವ ಏಜಿಂಗ್ ರಿಗ್ ನಾನೇ ಮಾಡಿದ್ದು. ಹಳೆಯ ವೆಲ್ಡಿಂಗ್ ಟ್ರಾನ್ಸ್‌ಫಾರ್ಮರಿಗೆ ಬಸ್‌ಬಾರ್ ಪಟ್ಟಿಯಿಂದ ಸೆಕೆಂಡರಿ ಸುತ್ತಿದೆ. ಇಪ್ಪತ್ತು ಲಿಂಕ್ ಸೀರೀಸ್‌ನಲ್ಲಿ ಇಟ್ಟರೂ ಒಂದೆರಡು ವೋಲ್ಟೇ ಬೇಕಾಗೋದು, ಬಿಲ್ ಕಡಿಮೆ. ಒಂದು ಗಂಟೆ ಆನ್, ಕಾಲು ಗಂಟೆ ಆಫ್. ಗುರುವಾರ ಇಲ್ಲಿನ ಕೈಗಾರಿಕಾ ವಸಾಹತು ಎಮ್‌ಐಡಿಸಿಗೆ ರಜೆ. ಮೆಂಟೆನೆನ್ಸ್ ಅಂತ ಅವತ್ತೇ ಕರೆಂಟ್ ಹೋಗುತ್ತದೆ, ಸೈಕಲ್ ಲೆಕ್ಕ ತಪ್ಪುತ್ತದೆ. ಕೊನೆಗೆ ಗುರುವಾರವನ್ನು ಉದ್ದದ ಆಫ್ ಅಂತಲೇ ಬರೆದುಕೊಂಡೆ. ಸಾವಿರಗಟ್ಟಲೆ ಸೈಕಲ್ ಆದ ಮೇಲೂ ರೆಸಿಸ್ಟೆನ್ಸ್ ಏರಿದ್ದು ನೂರಕ್ಕೆ ಎರಡು ಮೂರು. ಸಡಿಲ ಮರಳಿನ ತಾಮ್ರದ ಲಿಂಕ್ ಅದೇ ರಿಗ್‌ನಲ್ಲಿ ಹತ್ತರ ಮೇಲೆ ಹೋಗಿತ್ತು. ನಕ್ಕವರನ್ನು ಕರೆದು ತೋರಿಸಿದ್ದು ಈ ಚಾರ್ಟನ್ನೇ.

80 ಕಿಲೋಆಂಪಿಯರ್ ಅಂದ್ರೆ ಎಲ್ಲರೂ ಹೆದರ್ತಾರೆ. ನನ್ನ ಕಣ್ಣಿಗೆ ಅದು ಸುಲಭದ್ದು. ಕರೆಂಟ್ ಅಷ್ಟು ಜೋರಾಗಿ ಏರಿದರೆ ಐದೂ ಸಾಲು ಒಟ್ಟಿಗೆ ಹೋಗುತ್ತವೆ. ಅರ್ಧ ಮಿಲಿಸೆಕೆಂಡಿನೊಳಗೆ ಕರಗಿ, 15 ಕಿಲೋಆಂಪಿಯರ್ ಹತ್ತಿರವೇ ಕತ್ತರಿಸುತ್ತದೆ. ಪ್ರಾಣ ತೆಗೆಯೋದು ಐ-2 ಪರೀಕ್ಷೆ. 80ಕ್ಕಿಂತ ತುಂಬಾ ಕಡಿಮೆ ಕರೆಂಟ್, ಆದರೆ ಆರ್ಕ್ ಎನರ್ಜಿ ಅತಿ ಜಾಸ್ತಿ ಇರುವ ಜಾಗ. ಮತ್ತೆ ಊರಿನ ಫಾಲ್ಟ್‌ಗಳೂ 80ರ ಹತ್ತಿರ ಹೋಗಲ್ಲ. 200 ಕೆವಿಎ ಟ್ರಾನ್ಸ್‌ಫಾರ್ಮರಿನ ಬಾಯಲ್ಲೇ ಶಾರ್ಟ್ ಆದರೂ ಆರು ಕಿಲೋಆಂಪಿಯರ್ ಸುತ್ತ. ಕೇಬಲ್ ಸ್ವಲ್ಪ ದೂರ ಓಡಿದರೆ ಎರಡು ಮೂರಕ್ಕೆ ಇಳಿಯುತ್ತದೆ. ಹಾಗಾಗಿ ನಾನು ಎಂಡ್ ಪ್ಲೇಟಿನ ಸ್ಕ್ರೂ, ಬಾಡಿ ದಪ್ಪ ಎಲ್ಲ ನಿರ್ಧರಿಸಿದ್ದು ಐ-2 ನೋಡಿಕೊಂಡೇ. ಪಾಸಾದ ಲಾಟನ್ನು ಬಿಚ್ಚಿದಾಗ ಮರಳು ಕರಗಿ ಆದ ಗಾಜಿನ ಕೊಳವೆ ನೇರವಾಗಿ, ತೆಳ್ಳಗೆ ಬಂದಿತ್ತು. ಗೋಡೆಗೆ ಎಲ್ಲೂ ತಾಗಿರಲಿಲ್ಲ. ಇಂಥದ್ದನ್ನು ಕೆಲಸ ಗೊತ್ತಿರುವವರಿಗೆ ಮಾತ್ರ ತೋರಿಸಬೇಕು. ಉಳಿದವರು ಕಲ್ಲಿನ ಚೂರು ಅಂತಾರೆ.

ಒಟ್ಟು ಖರ್ಚು ಒಂಬತ್ತೋ ಹತ್ತೋ ಲಕ್ಷ. ಅರ್ಧಕ್ಕಿಂತ ಜಾಸ್ತಿ ಲ್ಯಾಬ್‌ಗೇ ಹೋಯಿತು. ಸಿಲಿಕೇಟ್ ಮತ್ತು ಓವನ್ ಸೇರಿ ಒಂದು ಲಿಂಕಿಗೆ ಹೆಚ್ಚಿನ ಖರ್ಚು ಆರೇಳು ರೂಪಾಯಿ. ಗಿರಾಕಿಗೆ ಬೆಳ್ಳಿ ಲೇಪದ್ದಕ್ಕಿಂತ ಐದನೇ ಒಂದು ಭಾಗ ಕಡಿಮೆಗೆ ಕೊಟ್ಟರೂ ನನಗೆ ಉಳಿಯುತ್ತದೆ.

ಈಗ 250 ಆಂಪಿಯರಿನದು ಹಿಡಿದಿದ್ದೇನೆ. ಅಲ್ಲಿ ಪಟ್ಟಿ ಎರಡು ಬೇಕು. ಒಂದು ಸ್ವಲ್ಪ ಜಾಸ್ತಿ ಕರೆಂಟ್ ಹೊತ್ತರೆ ಅದರ ಟಿನ್ ಮೊದಲು ಕರಗುತ್ತದೆ, ಟೈಮ್ ಚದುರಿಹೋಗುತ್ತದೆ. ಪಟ್ಟಿಗಳನ್ನು ಮಿಲಿಓಮ್ ನೋಡಿ ಜೋಡಿ ಮಾಡುತ್ತಿದ್ದೇವೆ. ಮುಂದಿನ ಲ್ಯಾಬ್ ಸ್ಲಾಟ್‌ಗೆ ಎರಡು ಬಗೆಯ ಬಾಡಿ ತಯಾರಿದೆ. ಯಾರ ಹತ್ತಿರವಾದರೂ ಒಳ್ಳೆಯ ಕಾರ್ಡಿರೈಟ್ (ಬಿಸಿ ತಡೆಯುವ ಪಿಂಗಾಣಿ) ಬಾಡಿ ಪೂರೈಸುವವರ ಗುರುತು ಇದ್ದರೆ ಹೇಳಿ. ಬದಲಿಗೆ ಓವನ್ ಟೈಮಿಂಗ್ ಕೇಳಬೇಡಿ ಮತ್ತೆ.