ಸೈಜೊದಲ್ಲಿ ಸಾಕೆ: ರುಚಿ ನೋಡಿ ಕೊಳ್ಳುವ ನನ್ನ ಕ್ರಮ

ಹಿರೋಶಿಮಾದಲ್ಲಿ ಕೆಲಸ ಮಾಡುವ ನಾನು ಸ್ಥಳೀಯ ಸಾಕೆ, ಅಂದರೆ ಅಕ್ಕಿಯನ್ನು ಹುದುಗಿಸಿ ಮಾಡುವ ಜಪಾನಿನ ಮದ್ಯ, ಕೊಳ್ಳಲು ಸಾಮಾನ್ಯವಾಗಿ ಹೋಗುವುದು ಸಾನ್‌ಯೋ ಮಾರ್ಗದ ರೈಲು ಹಿಡಿದು, ಸಾಕೆ ತಯಾರಿಕೆಗೆ ಹೆಸರಾದ ಸೈಜೊಗೆ. ಅಲ್ಲಿನ ಸಾಕೆ ತಯಾರಿಸುವ ಮನೆಗಳು ನಿಲ್ದಾಣದ ಹತ್ತಿರವೇ ಸಾಲಾಗಿದ್ದು, ಅವುಗಳ ಕೆಂಪು ಇಟ್ಟಿಗೆಯ ಚಿಮಣಿಗಳನ್ನು ನೋಡಿಕೊಂಡು ನಡೆದರೆ ಸಾಕು, ಯಾರನ್ನೂ ದಾರಿ ಕೇಳಬೇಕಾಗಿಲ್ಲ.

ನಾನು ಮೊದಲು ಕುಡಿಯುವುದು ನೀರನ್ನು. ಕೆಲವು ತಯಾರಿಕಾ ಮನೆಗಳು ತಮ್ಮ ಬಾವಿಯ ನೀರನ್ನು ದಾರಿಹೋಕರಿಗೂ ಬಿಟ್ಟಿರುತ್ತವೆ. ಸಾಕೆಗೆ ಹೆಸರಾದ ಇನ್ನೊಂದು ಸೀಮೆಯಾದ, ಕೋಬೆ ಬಳಿಯ ನಾದಾದ ಗಡಸು ನೀರಿನಲ್ಲಿ ಯೀಸ್ಟ್‌ಗೆ ಬೇಕಾದ ಖನಿಜಾಂಶ ಹೇರಳವಾಗಿರುವುದರಿಂದ ಹುದುಗು ಜೋರಾಗಿ ಏಳುತ್ತದೆ. ಹಿರೋಶಿಮಾ ಸೀಮೆಯ ಮೆದು ನೀರಿನಲ್ಲಿ ಅದೇ ವಿಧಾನ ಕೈಕೊಡುತ್ತಿದ್ದುದರಿಂದ, ಹತ್ತಿರದ ಅಕಿತ್ಸುವಿನ ಮಿಉರಾ ಸೆನ್‌ಜಾಬುರೊ ಅವರು ಅಕ್ಕಿಯ ಪಿಷ್ಟವನ್ನು ಸಕ್ಕರೆಯಾಗಿಸುವ ಕೋಜಿ ಬೂಷ್ಟನ್ನು ಅಕ್ಕಿಯ ಒಳಗಿನವರೆಗೂ ಚೆನ್ನಾಗಿ ಬೆಳೆಸಿ, ಕಡಿಮೆ ಉಷ್ಣತೆಯಲ್ಲಿ ನಿಧಾನವಾಗಿ ಹುದುಗಿಸುವ ಕ್ರಮವನ್ನು ರೂಪಿಸಿ 1898ರಲ್ಲಿ ಪ್ರಕಟಿಸಿದರು. ಈ ಸೀಮೆಯ ಸಾಕೆಯ ನಯ ಅಲ್ಲಿಂದ ಬಂದದ್ದು.

ರುಚಿ ನೋಡಲು ಕೊಡುವ ಬಿಳಿ ಪಿಂಗಾಣಿ ಬಟ್ಟಲಿನ ತಳದಲ್ಲಿ ಎರಡು ನೀಲಿ ಬಳೆಗಳಿರುತ್ತವೆ. ಬಿಳಿಯ ಮೇಲೆ ಸಾಕೆಯ ಬಣ್ಣ ಕಾಣುತ್ತದೆ, ನೀಲಿಯ ಅಂಚು ಮಸುಕಾದರೆ ಅದು ತಿಳಿಯಾಗಿಲ್ಲವೆಂದು ಗೊತ್ತಾಗುತ್ತದೆ. ಹೆಚ್ಚು ಪಾಲಿಶ್ ಮಾಡಿದ ಅಕ್ಕಿಯಿಂದಾದ ಪರಿಮಳದ ಗಿಂಜೊದಿಂದ ಆರಂಭಿಸಿ, ಬೇರೆ ಆಲ್ಕೋಹಾಲ್ ಬೆರೆಸದ ಗಟ್ಟಿ ರುಚಿಯ ಜುನ್ಮಾಯ್ ಕಡೆಗೆ ಹೋಗುತ್ತೇನೆ. ಗುಟುಕನ್ನು ನಾಲಿಗೆಯ ಮೇಲೆಲ್ಲ ಹರಡಿ, ಮೂಗಿನಿಂದ ಉಸಿರು ಬಿಟ್ಟು, ಉಗುಳಿಬಿಡುತ್ತೇನೆ. ಹದಿನೈದು ಹದಿನಾರು ಶೇಕಡಾ ಆಲ್ಕೋಹಾಲ್ ಇರುವ ಪಾನೀಯವನ್ನು ನುಂಗುತ್ತಾ ಹೋದರೆ ನಾಲ್ಕನೆಯ ಬಟ್ಟಲಿನಿಂದಾಚೆಗೆ ಎಲ್ಲವೂ ಚೆನ್ನಾಗಿಯೇ ಇರುತ್ತದೆ.

ಬಾಟಲಿಯ ಚೀಟಿಯ ಮೇಲೆ ಪಾಲಿಶ್ ಬಗ್ಗೆ ಇರುವ ಶೇಕಡಾ ಅಂಕಿ ಪಾಲಿಶ್ ಆದ ಮೇಲೆ ಉಳಿದ ಅಕ್ಕಿಯ ಪಾಲನ್ನು ಹೇಳುತ್ತದೆ: ಗಿಂಜೊಗೆ 60 ಅಥವಾ ಕಡಿಮೆ, ದಾಯ್‌ಗಿಂಜೊಗೆ 50 ಅಥವಾ ಕಡಿಮೆ. ಸೈಜೊದವರೇ ಆದ ಸಾತಾಕೆ ರಿಇಚಿ 1896ರಲ್ಲಿ ಜಪಾನಿನ ಮೊದಲ ಯಂತ್ರಚಾಲಿತ ಅಕ್ಕಿ ಪಾಲಿಶ್ ಯಂತ್ರವನ್ನು ತಯಾರಿಸಿದ್ದರೂ, ಅಂಕಿ ಇಳಿದಷ್ಟೂ ರುಚಿ ಏರುತ್ತದೆಂದು ನಾನು ಒಪ್ಪುವುದಿಲ್ಲ. ಬಟ್ಟಲಿನಲ್ಲಿ ಒಂಟಿಯಾಗಿ ಗೆಲ್ಲುವ ದಾಯ್‌ಗಿಂಜೊ ಊಟದ ಪಕ್ಕದಲ್ಲಿ ಸೊರಗುವುದೇ ಹೆಚ್ಚು. ಆದ್ದರಿಂದ ಅಂಗಡಿಯಲ್ಲಿ ನಾನು ಕೇಳುವ ಪ್ರಶ್ನೆ, ಬಿಸಿ ಮಾಡಿದರೆ ಯಾವುದು ಚೆನ್ನಾಗಿರುತ್ತದೆ ಎಂಬುದು. ಸೈಜೊದ ತಯಾರಕರಾದ ಕಾಮೊಇಜುಮಿಯವರು ಇದ್ದಿಲಿನಲ್ಲಿ ಸೋಸದೆ ಉಳಿಸಿಕೊಳ್ಳುವ ಹೊಂಬಣ್ಣದ ಸಾಕೆಯನ್ನು ಬಿಸಿನೀರಿನ ಪಾತ್ರೆಯಲ್ಲಿಟ್ಟು 45 ಡಿಗ್ರಿಗೆ ತಂದು, ಹುರಿದ ಅಣಬೆಯ ಜೊತೆ ಕುಡಿದವರಿಗೆ ಈ ಪ್ರಶ್ನೆ ಏಕೆಂದು ತಿಳಿಯುತ್ತದೆ.

ಇಷ್ಟವಾದರೂ ಮೊದಲ ಸಲ 1.8 ಲೀಟರಿನ ಬಾಟಲಿಗೆ ಕೈಹಾಕದೆ 720 ಮಿಲಿಲೀಟರಿನದನ್ನೇ ಕೊಳ್ಳುತ್ತೇನೆ. ಕಾಯಿಸದ ನಾಮಾ ಸಾಕೆಗೆ ಫ್ರಿಜ್ ಬೇಕು, ಅದು ಇಲ್ಲಿನ ಮನೆಗೆ ಮಾತ್ರ. ಊರಿಗೆ ಒಯ್ಯುವುದಾದರೆ ಕಾಯಿಸಿ ತುಂಬಿದ್ದನ್ನೇ ಆರಿಸಬೇಕು. ಭಾರತದಲ್ಲಿ ಸುಂಕವಿಲ್ಲದೆ ತರಬಹುದಾದದ್ದು ತಲಾ ಎರಡು ಲೀಟರ್ ಮದ್ಯವಾದ್ದರಿಂದ ಇಂಥ ಎರಡು ಬಾಟಲಿ ಆರಾಮವಾಗಿ ಸಾಗುತ್ತವೆ.